ಸಾವಿರ ಡಾಲರಿನ ಅಂಚಿನಲ್ಲಿದ್ದ ಸಾಲು

ಮಲಪ್ರಭೆಯ ದಂಡೆ
ಕಡಲೇರಿದ ನೂರಾ ಹನ್ನೆರಡನೆಯ ವರ್ಷ, ಆಷಾಢ ಮೂವತ್ತೇಳು

“ಇದು ನಿನ್ನ ಓದಿಗೆ, ಮದುವೆಗಲ್ಲ.” ಆ ಸಾಲು ಹೀಗೆಯೇ ಇತ್ತೇ? ನನ್ನ ಅಜ್ಜಿ ಹೇಳುತ್ತಿದ್ದದ್ದು ಹೀಗೆ. ದೊಡ್ಡಪ್ಪ ಹೇಳುವುದು ತಿರುವುಮುರುವಾಗಿ: ಮದುವೆಗೆ, ಓದಿಗಲ್ಲ. ಅದನ್ನು ಕಣ್ಣಾರೆ ಕಂಡ ಕೊನೆಯವರು, ಕಡಲೇರುವ ಮುನ್ನ ಬದುಕಿದ್ದ ನೀವು, ಚಂದ್ರನಾಥರೇ.

ತಾರೀಖು ವಿಚಿತ್ರವೆನಿಸಿದರೆ ಕ್ಷಮಿಸಿ. ಮಳೆ ನಿಲ್ಲುವವರೆಗೂ ನಮ್ಮ ತಿಂಗಳು ಮುಗಿಯುವುದಿಲ್ಲ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ನಿಮ್ಮ ತಾಯಿ ಚಂಪಾವತಿ ಅಮೆರಿಕದಲ್ಲಿ ದಾದಿಯಾಗಿದ್ದರು. ಅವರ ಆರೈಕೆಯಲ್ಲಿದ್ದ ಮುದುಕಿಯೊಬ್ಬಳು ಸಾಯುವ ಮುನ್ನ ಅವರಿಗೆ ಸಾವಿರ ಡಾಲರಿನ ಹಳೆಯ ನೋಟೊಂದನ್ನು ಕೊಟ್ಟಳು. ಅಂಥ ನೋಟು ಅಚ್ಚಾಗುವುದು ಅಲ್ಲಿಯೂ ನಿಂತು ಎಷ್ಟೋ ಕಾಲವಾಗಿತ್ತು. ಅದರ ಅಂಚಿನಲ್ಲಿ ಚಂಪಾವತಿ, ನಮ್ಮ ಮೂಲಜ್ಜಿಯಾದ ನಿಮ್ಮ ತಂಗಿಗೆಂದು ಪೆನ್ಸಿಲಿನಲ್ಲಿ ಒಂದು ಸಾಲು ಬರೆದರು. ಆ ನೋಟು, ಹಳೆಯ ನೋಟುಗಳ ಸಂಗ್ರಾಹಕರಾದ ನಿಮ್ಮ ಕೈಸೇರಿತು. ಬರಹವಿದ್ದರೆ ನೋಟಿನ ದರ್ಜೆ, ಅದರೊಡನೆ ಬೆಲೆ, ಇಳಿಯುತ್ತದೆಂದು ರಬ್ಬರಿನಿಂದ ಉಜ್ಜಿದಿರಿ, ತೊಳೆದಿರಿ, ಮಡಿಕೆಯ ಗೆರೆ ಕಾಣದಂತೆ ಒತ್ತಿ ಪರೀಕ್ಷೆಗೆ ಕಳಿಸಿದಿರಿ. ದರ್ಜೆ ಕೊಡುವವರು ಮೋಸಹೋಗಲಿಲ್ಲ. ನೋಟನ್ನು ಮುಚ್ಚಿಟ್ಟ ಪ್ಲಾಸ್ಟಿಕ್ ಗೂಡಿನ ಚೀಟಿಯ ಮೇಲೆ ‘ತೊಳೆದದ್ದು’ ಎಂದು ಬರೆದರು. ಬೆಲೆಯೂ ಬರಲಿಲ್ಲ, ಸಾಲೂ ಉಳಿಯಲಿಲ್ಲ.

ಈಗ ಮನೆತನಕ್ಕೊಂದೇ ಓದುಪಾಲು, ಎಂದರೆ ಒಂದು ತಲೆಮಾರಿನಲ್ಲಿ ಒಬ್ಬರಿಗೆ ಮಾತ್ರ ಗುಡ್ಡದ ಶಾಲೆ. ಉಳಿದವರು ಮೊಣಕಾಲುದ್ದ ನೀರಿನಲ್ಲಿ ನಿಂತು ಪಾಚಿ ಬೆಳೆಯುತ್ತಾರೆ, ಅದನ್ನೇ ರೊಟ್ಟಿ ತಟ್ಟುತ್ತಾರೆ. ಇಂದು ಹಿರಿಯರು ಕೂತು, ‘ಮದುವೆಗೆ, ಓದಿಗಲ್ಲ’ ಎಂಬುದೇ ಚಂಪಾವತಿಯ ಮಾತೆಂದು ಎತ್ತಿ, ತೊರೆ ಎಂಬ ನನ್ನ ಮಗಳಿಗೆ ಬರಬೇಕಿದ್ದ ಪಾಲನ್ನು ದೊಡ್ಡಪ್ಪನ ಮೊಮ್ಮಗನಿಗೆ ಕೊಟ್ಟರು. ನಾನು ಗೂಡನ್ನು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಕಾಗದ ತುಸು ತೆಳುವಾಗಿತ್ತು, ಅಷ್ಟೆ. “ಎಲ್ಲೈತವ್ವಾ, ಓದು ನೋಡೂಣು” ಎಂದು ದೊಡ್ಡಪ್ಪ ನಕ್ಕರು. ಎಲ್ಲರೂ ನಕ್ಕರು. ತೊರೆ ನಗಲಿಲ್ಲ.

ಹಗೆಯಿಂದ ಅಳಿಸಿದ್ದರೆ ನಿಮ್ಮೊಡನೆ ಜಗಳವಾದರೂ ಆಡಬಹುದಿತ್ತು. ಆದರೆ ತಾಯಿಯ ಅಕ್ಷರವನ್ನು ನೀವು ಕೊಳೆ ಎಂದುಕೊಂಡಿರಿ. ಯಾರ ಬೆರಳೂ ತಾಗದಂತೆ ಕಾಣುವುದೇ ನಿಮಗೆ ಅಮೂಲ್ಯ. ರಬ್ಬರು ಇನ್ನೂ ಕೈಯಲ್ಲಿದ್ದರೆ ಕೆಳಗಿಡಿ. ಇಡದಿದ್ದರೆ ನನ್ನ ಶಾಪ ಹಿಂದಕ್ಕೂ ನಡೆದು ಬರುತ್ತದೆಂದು ತಿಳಿಯಿರಿ.

ಇಷ್ಟು ಬರೆಯುವಷ್ಟರಲ್ಲಿ ಪಕ್ಕದ ಮನೆಯ ಅಂಬಿಗರ ಸಾತವ್ವ ಬಾಗಿಲಿಗೆ ಬಂದಳು. ನೋಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಹೆಣಾ ತೊಳದಂಗ ತೊಳದಾನಲ್ಲವ್ವಾ. ಇದರಾಗೇನ್ ಹುಡುಕ್ತಿ? ನನಗಂತೂ ಮಕ್ಕಳಿಲ್ಲ, ನಮ್ಮನಿ ಓದುಪಾಲು ಹಂಗ ಬಿದ್ದೈತಿ. ಹುಡುಗಿನ್ನ ಕರಿ, ಗುಡ್ಡದ ಸಾಲಿಗೆ ದೋಣಿ ಬಿಚ್ಚತೀನಿ.”