ಬೆಲೆಯ ಕಡೆ ಒಂದು ಗೀಟು

ಮಾರ್ಚ್ 4
ಹನ್ನೊಂದು ಜಾಗದ ಸರ್ವೆ, ಒಂಬತ್ತು ಮುಗೀತು. ಹತ್ತನೆಯದು ಅಕ್ಕನ ಊರಿನ ಜೌಗು. ಬಿಸಿಲು ಅಂದ್ರೆ ಬಿಸಿಲು. ಜೀಪಿಂದ ಇಳಿಯಲಿಲ್ಲ. ಇಳಿದಿದ್ರೆ ಹೊಸ ಬೂಟು ಕೆಸರುಪಾಲು. ಫಾರಂನಲ್ಲಿ 'ಮಾಲೀಕರು' ಅನ್ನೋ ಕಡೆ 'ಯಾರೂ ಇಲ್ಲ' ಅಂತ ಬರೆದೆ. 'ಬೆಲೆ' ಅನ್ನೋ ಕಡೆ ಒಂದು ಗೀಟು ಎಳೆದೆ. ನಮ್ಮ ಸೆಕ್ಷನ್‌ನಲ್ಲಿ ಗೀಟು ಅಂದ್ರೆ 'ಇನ್ನೂ ನೋಡಬೇಕು' ಅಂತ. ಮುಂದಿನ ವಾರ ಬಂದು ನೋಡಿದರಾಯ್ತು.

ಮಾರ್ಚ್ 29
ಜೌಗಿಗೆ ಹೋಗೋಕಾಗಲಿಲ್ಲ.
ಸುಳ್ಳು. ಹೋಗಲಿಲ್ಲ.

ಮೇ 16, ಮಧ್ಯಾಹ್ನ
ಮೇಲಿನ ಮಹಡಿಯ ಟೈಪಿಸ್ಟಮ್ಮ ಗೀಟುಗಳನ್ನೆಲ್ಲ ಸೊನ್ನೆ ಮಾಡಿದ್ದಾರೆ. "ಗೀಟು ಹಾಕಿದ್ರೆ ಕಂಪ್ಯೂಟರ್ ತಗೊಳ್ಳಲ್ಲ ಸಾರ್, ನಾನೇನು ಮಾಡ್ಲಿ" ಅಂದರು. ಅವರದ್ದೇನು ತಪ್ಪು? ಮಾಲೀಕರಿಲ್ಲ, ಬೆಲೆ ಸೊನ್ನೆ... ಜೌಗಿಗೆ ಮಣ್ಣು ತುಂಬಿಸಿ ಲಾರಿ ಸ್ಟ್ಯಾಂಡ್ ಮಾಡೋ ಫೈಲ್ ಪಾಸಾಗಿದೆ. ಆಕ್ಷೇಪಣೆಗೆ ಮೂವತ್ತು ದಿನ ಟೈಮು.
ನಾನು ನೋಡೇ ಇಲ್ಲ ಅಂತ ಸಾಹೇಬರಿಗೆ ಹೇಳಿದ್ರೆ ಮುಗೀತಿತ್ತು. ಅವರ ಬಾಗಿಲತನಕ ಹೋದೆ. ಕ್ಯಾಂಟೀನಿನಲ್ಲಿ ಕಾಫಿ ಕುಡಿದು ವಾಪಸ್ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಮೇ 28
ಇವತ್ತೂ ಹೇಳಲಿಲ್ಲ.

ಜೂನ್ 13, ಸಂಜೆ
ಬೆಳಿಗ್ಗೆ ಮೊದಲ ಬಸ್ಸಿಗೇ ಅಕ್ಕ ಬಂದಿಳಿದಳು. ಬೆರಳ ತುಂಬ ಜೊಂಡು ಕೊಯ್ದ ಗೀರು. "ನಾಳಿದ್ದು ಕೊನೇ ದಿನವಂತೆ ಕಣೋ. ಒಂದು ಅರ್ಜಿ ಬರೆದುಕೊಡು. ನನಗೆ ಓದು ಬರಹ ಎಲ್ಲಿ ಬರುತ್ತೆ? ಆಫೀಸು ಭಾಷೆ ನಿನಗೇ ಗೊತ್ತು."
ಹೇಳ್ತಾ ಹೋದಳು. ಇಪ್ಪತ್ತು ಮನೆಯವರು ಅಲ್ಲಿನ ಜೊಂಡಿನಲ್ಲಿ ಚಾಪೆ ಹೆಣೆದು ಬದುಕ್ತಾರೆ. ಸರದಿ ಮೇಲೆ ಕೊಯ್ತಾರೆ, ಬೇರು ಯಾರೂ ಮುಟ್ಟಲ್ಲ. ಜೌಗು ಒಣಗಿದ್ರೆ ಊರಿನ ಬಾವಿಗಳೂ ಒಣಗ್ತವೆ. "ಯಾರದ್ದೂ ಅಲ್ಲ ಅಂತ ಬರೆದಿದ್ದಾರಂತೆ. ನಮ್ಮೆಲ್ಲರದ್ದು ಅಂತ ಬರಿ. ದಪ್ಪಕ್ಷರದಲ್ಲಿ ಬರಿ."
ಬರೆದೆ.
"ಜೀಪಲ್ಲಿ ಬಂದು, ಕಾಲಿಟ್ಟೂ ನೋಡದೆ ಸೊನ್ನೆ ಸುತ್ತಿದನಲ್ಲ, ಆ ಮಹಾರಾಯ ಯಾರು ಅಂತ ನಿಮ್ಮ ಆಫೀಸಲ್ಲಿ ಗೊತ್ತಿರುತ್ತಲ್ಲ. ಅವನ ಹೆಸರೂ ಹಾಕು."
ಬೇರೆ ಯಾವ ಹೆಸರು ಬರೆದರೂ ಅವಳಿಗೆ ತಿಳಿಯೋದಿಲ್ಲ. ಅದೂ ತಲೆಗೆ ಬಂತು, ಅಷ್ಟು ನೀಚ ನಾನು. ಕೆಲಸ ಹೋದೀತು ಅಂತ್ಲೂ ಅನ್ನಿಸಿತು. ಕಡೆಗೆ ನನ್ನ ಹೆಸರು ಬರೆದೆ.
"ಈಗ ಓದು" ಅಂದಳು. ಓದಿದೆ. ಹೆಸರನ್ನೂ ಓದಿದೆ.
ಬೈತಾಳೆ ಅಂದುಕೊಂಡೆ. ಬೈದಿದ್ರೆ ಚೆನ್ನಾಗಿತ್ತು. ಅರ್ಜಿ ಇಸಕೊಂಡು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಚೀಲದ ಬಾಯಿ ಕಟ್ಟುತ್ತಾ ಕೇಳಿದಳು: "ಅಷ್ಟು ಹತ್ತಿರ ಬಂದಿದ್ದೆ... ಮನೆಗೂ ಬರಲಿಲ್ವೇನೋ?"