ಬೆಕ್ಕು ಹುಡುಕಿದ ಬೊಂಬೆ

ಅಪ್ಪಾ,

ಕಳೆದೇ ಹೋಯಿತೆಂದು ನೀನು ಆಸೆ ಬಿಟ್ಟಿದ್ದ ದರ್ಜಿ ಬೊಂಬೆಯ ಸಿನಿಮಾ ಸಿಕ್ಕಿದೆ. ನೀನು ಹೋಗಿ ಹನ್ನೊಂದು ವರ್ಷದ ಮೇಲೆ, ಇವತ್ತು ಬೆಳಗ್ಗೆ, ಹಳೆಯ ಫಿಲ್ಮ್ ಸರಿಪಡಿಸುವ ಲ್ಯಾಬಿನಲ್ಲಿ ಅದನ್ನು ಮೊದಲ ಸಲ ಓಡಿಸಿದರು.

ಬೊಂಬೆ ಸೂಜಿಗೆ ದಾರ ಪೋಣಿಸುತ್ತಿರುವಾಗ ಅದರ ಬಲಗೈ ಇದ್ದಕ್ಕಿದ್ದಂತೆ ತಲೆಯ ಮೇಲಕ್ಕೆ ಹಾರುತ್ತದೆ.

"ಇಲ್ಲೊಂದು ಜಂಪ್ ಇದೆ ಮೇಡಂ, ಕತ್ತರಿಸಿಬಿಡ್ಲಾ?" ಎಂದು ಲ್ಯಾಬಿನವರು ಕೇಳಿದರು. ಬೇಡ ಎಂದೆ.

ಚಿಕ್ಕವಳಿದ್ದಾಗ, ನೀನು ಊಟಕ್ಕೆ ಎದ್ದ ಹೊತ್ತಲ್ಲಿ, ಆ ಕೈ ಎತ್ತಿದವಳು ನಾನೇ. ಒಂದು ಚಿತ್ರ ತೆಗೆದು, ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೊಂದು ತೆಗೆಯುವ ಕೆಲಸ. ಮುಟ್ಟಬೇಡ ಎಂದು ನೂರು ಸಲ ಹೇಳಿದ್ದೆ ನೀನು.

"ಯಾರೇ ಮುಟ್ಟಿದ್ದು?"

"ಬೆಕ್ಕು ಬಂದಿತ್ತಪ್ಪಾ."

"ಹೌದಾ? ಬೆಕ್ಕಾ?" ಎಂದೆ ನೀನು, ಅಷ್ಟೇ. ಬೆಳಕು ಬಾರದಂತೆ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದಿದ್ದ ಕೋಣೆ, ನೊಣವೂ ನುಸುಳುವಂತಿರಲಿಲ್ಲ. ಕೈಯನ್ನು ಹಳೆಯ ಜಾಗಕ್ಕೆ ಇಳಿಸದೆ, ಅಲ್ಲಿಂದಲೇ ಕೆಲಸ ಮುಂದುವರಿಸಿದೆ ನೀನು.

ಮುಂದೇನಾಯಿತೆಂದು ನಾನು ಇವತ್ತು ಪರದೆಯ ಮೇಲೆ ನೋಡಿದೆ. ಬೊಂಬೆ ತನ್ನ ಎತ್ತಿದ ಕೈಯನ್ನು ತಾನೇ ನೋಡಿಕೊಂಡಿತು. ಕುರ್ಚಿಯ ಕೆಳಗೆ ಬಗ್ಗಿತು, ಮೇಜಿನ ಹಿಂದೆ ಇಣುಕಿತು, ಬಾಗಿಲ ಸಂದಿಯಲ್ಲಿ "ಬಾ ಬಾ" ಎಂದು ಬೆರಳಾಡಿಸಿತು. ಯಾವ ಬೆಕ್ಕೂ ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ತಲೆ ವಾಲಿಸಿ, ಕಾಯುತ್ತಾ ನಿಂತಿತು.

ಲ್ಯಾಬಿನವರು ಜೋರಾಗಿ ನಕ್ಕರು.

ಒಟ್ಟು ಹತ್ತು ಸೆಕೆಂಡು. ಸೆಕೆಂಡಿಗೆ ಹದಿನಾರರಂತೆ ನೂರ ಅರವತ್ತು ಚಿತ್ರ, ನಿನಗೆ ಮೂರು ದಿನದ ಕೆಲಸ. ಆ ಮೂರು ದಿನವೂ ನಾನು ನಿನ್ನ ಮಗ್ಗುಲಲ್ಲೇ ಕೂತು, ಬಾಯಿ ಬಿಡದೆ, ಬೊಂಬೆ ಕದಲದಂತೆ ಚುಚ್ಚಲು ಒಂದೊಂದೇ ಗುಂಡುಸೂಜಿ ಕೊಡುತ್ತಿದ್ದೆ.