ಉಣ್ಣೆ ಅಭಿವೃದ್ಧಿಯ ಇಕ್ಕಳ

ಕುರಿ ಮತ್ತು ಉಣ್ಣೆ ಅಭಿವೃದ್ಧಿ ಯೋಜನೆಯ ಅಧಿಕಾರಿಗಳಿಗೆ

ಮಾನ್ಯರೇ,

ಹೋದ ಬೇಸಿಗೆಯಲ್ಲಿ ಏಕಸಂಬಿಯ ನಮ್ಮ ಓಣಿಯ ನಲವತ್ತೆರಡು ಕರಿ ಟಗರುಗಳ ಬೀಜವನ್ನು ನಿಮ್ಮ ಸಿಬ್ಬಂದಿ ಒಂದೇ ಬೆಳಿಗ್ಗೆ ಇಕ್ಕಳದಲ್ಲಿ ಒತ್ತಿ ಒಡೆದು ಹಾಕಿದರು. ಈ ಕೆಲಸಕ್ಕೆ ನೀವು ಕಾಗದದಲ್ಲಿ ಕೊಟ್ಟ ಹೆಸರು 'ಸಣ್ಣ ಉದ್ಯಮಗಳ ಬಲವರ್ಧನೆ'. ನಮ್ಮ ಬಲ ಎಲ್ಲಿದೆಯೆಂದು ಸರಿಯಾಗಿಯೇ ಹುಡುಕಿದ್ದೀರಿ!

ಲಸಿಕೆ ಹಾಕುತ್ತೇವೆ, ಒಂದು ಟಗರನ್ನೂ ಬಿಡದೆ ತನ್ನಿ ಎಂದು ಡಂಗುರ ಹೊಡೆಸಿದ್ದಿರಿ. ನಂಬಿದೆವು. ದೇವರ ಹೆಸರಿನಲ್ಲಿ ಬಿಟ್ಟು, ಕತ್ತರಿ ಕೂಡ ಮುಟ್ಟಿಸದ ಟಗರನ್ನು ಸಹ, ಅದಕ್ಕೂ ರೋಗ ಬರಬಾರದೆಂದು, ನನ್ನ ಅಣ್ಣ ಮಾಳಸಿದ್ದ ಕೊಂಬು ಹಿಡಿದು ಎಳೆದು ತಂದ. ಮಿಕ್ಕವು ಅರಚಿದ್ದು ಸೂಜಿಗೆ ಎಂದುಕೊಂಡಿದ್ದೆವು; ಕೊನೆಗೆ ಕೊಂಬು ಹಿಡಿದಿದ್ದ ಅಣ್ಣನ ಕಣ್ಣೆದುರೇ ಇಕ್ಕಳ ಬಿದ್ದು ಅದು ಅರಚಿದಾಗಲೇ ನಮಗೆ ನಿಮ್ಮ ಲಸಿಕೆಯ ಅರ್ಥವಾಗಿದ್ದು.

"ಏನ್ ಮಾಡಿದ್ರಿ ಇದಕ್ಕ?" ಎಂದ ಅಣ್ಣ.

"ಹಳೇ ತಳಿ ಇದ್ದರೆ ಹೊಸ ತಳಿ ನಿಲ್ಲೋದಿಲ್ಲ. ದೇಶ ಪರದೇಶದ ಉಣ್ಣೆ ಜೊತೆ ಸ್ಪರ್ಧೆ ಮಾಡಬೇಕಲ್ಲಪ್ಪಾ," ಎಂದರು ನಿಮ್ಮ ಡಾಕ್ಟರು.

ಅಣ್ಣ ಇಕ್ಕಳ ಕಸಿದುಕೊಂಡು ಅದರಿಂದಲೇ ಅವರ ಭುಜಕ್ಕೆ ಬಾರಿಸಿದ. ಅದು ತಪ್ಪೆಂದು ನಾನು ಬರೆಯಲಾರೆ. ಮರುದಿನ ಪೊಲೀಸರು ಬಂದು ಅವನ ಬಲಗೈ ಮೂಳೆ ಮುರಿಯುವವರೆಗೆ ಹೊಡೆದರು. "ಮೊದಲ ಟಗರ ಒಡದ್ರಿ, ಈಗ ಮನಷ್ಯಾನ್ನೂ ಒಡಿತೀರೇನ್ರಿ?" ಎಂದು ಚೀರುತ್ತ ಅಡ್ಡ ಬಂದ ಅತ್ತಿಗೆ ಮಲಕವ್ವನಿಗೂ ಎರಡು ಬಿದ್ದವು. ಇದು ಯೋಜನೆಯ ಯಾವ ಹಂತ, ಸ್ವಾಮಿ?

ಬದಲಿಗೆ ನೀವು ಕೊಟ್ಟ ಹನ್ನೆರಡು ಬಿಳಿ ಟಗರುಗಳಲ್ಲಿ ಒಂಬತ್ತು ಮೊದಲ ಮಳೆಗೇ ಗೊರಸು ಕೊಳೆತು ಸತ್ತವು. ಉಳಿದವುಗಳ ಉಣ್ಣೆ ಮೃದುವೇ, ಸುಳ್ಳು ಹೇಳುವುದಿಲ್ಲ. ಅದರಲ್ಲಿ ನಾಲ್ಕು ಕಂಬಳಿ ನೇಯ್ದು ನಿಪ್ಪಾಣಿಯ ವ್ಯಾಪಾರಿ ರಾಜಾರಾಮ ಅವರ ಕೈಗೆ ಕೊಟ್ಟೆ. ಅವರು ಕೊಂಕಣಕ್ಕೆ ಕಳಿಸಿದರು. ನಾಲ್ಕೂ ತಿರುಗಿ ಬಂದವು. "ಇದೇನ್ ಘೋಂಗಡಿ ಏನ್ರಿ ಹಾಲಸಿದ್ದ? ಮಳಿ ಎಲ್ಲಾ ಕುಡದ ಬಿಡತೈತಿ," ಎಂದರು ರಾಜಾರಾಮ. ಕಂಬಳಿಗೆ ಅವರು ಘೋಂಗಡಿ ಎನ್ನುತ್ತಾರೆ. ಅಲ್ಲಿಯ ರೈತ ಭತ್ತ ನಾಟಿ ಮಾಡುವಾಗ ದಿನವಿಡೀ ಕಂಬಳಿ ಹೊದ್ದು ಮಳೆಯಲ್ಲಿ ನಿಲ್ಲುತ್ತಾನೆ. ಅವನಿಗೆ ಬೇಕಾದದ್ದು ಹುಣಸೆಬೀಜದ ಗಂಜಿ ಕುಡಿದ ನಮ್ಮ ಒರಟು ಕರಿ ಉಣ್ಣೆ. ಆ ಪೇಟೆಯಲ್ಲಿ ನಮಗೆ ಎದುರಾಳಿಯೇ ಇರಲಿಲ್ಲ. ಈಗ ಅಲ್ಲಿ ಪ್ಲಾಸ್ಟಿಕ್ ಹಾಳೆ ಮಾರಾಟವಾಗುತ್ತಿದೆ. ಸರ್ಕಾರದ ಹಣ ಸುರಿದು ನೀವು ಗೆಲ್ಲಿಸಿದ್ದು ಯಾರನ್ನು?

ನಮ್ಮ ಓಣಿಯ ಹತ್ತು ಮಗ್ಗಗಳಲ್ಲಿ ಏಳು ನಿಂತಿವೆ. ಈ ಮುಂಗಾರಿನೊಳಗೆ ಕುರಿಗಳಿಗೆ ಬೀಜದ ಕರಿ ಟಗರು ಸಿಗದಿದ್ದರೆ ನಮ್ಮ ತಳಿ ಮುಗಿಯಿತು, ಅದರ ಹಿಂದೆ ಕಂಬಳಿಯೂ ಮುಗಿಯಿತು. ಇಷ್ಟಾದರೂ ಎರಡನೇ ಹಂತದ ಹಣ ಬಂದಿದೆಯಂತೆ, ಸೋಮವಾರ ಶಿರಗುಪ್ಪಿಯ ಕುರಿದೊಡ್ಡಿಗಳಿಗೆ ಹೊಸ ಇಕ್ಕಳ ಹೊರಡುತ್ತದಂತೆ. ಅದನ್ನು ನಿಲ್ಲಿಸಿ. ಆ ಹಣದಲ್ಲಿ ಕರಿ ಟಗರು ಕೊಳ್ಳಿ. ಯಾವುದನ್ನು ಕೊಳ್ಳಬೇಕೆಂದು ನಾವು ಆರಿಸುತ್ತೇವೆ.

ಇನ್ನೊಂದು ಮಾತು. ಹಳೆಯ ಸರ್ಕಾರಿ ಇಕ್ಕಳ ಕಳುವಾಗಿದೆ ಎಂದು ಠಾಣೆಗೆ ದೂರು ಕೊಟ್ಟಿದ್ದೀರಿ. ಕಳುವಾಗಿಲ್ಲ, ನನ್ನ ಮಗ್ಗದ ಗೂಟಕ್ಕೆ ನೇತಾಡುತ್ತಿದೆ. ಪೊಲೀಸರನ್ನು ಕಳಿಸಬೇಡಿ, ನೀವೇ ಬಂದು ಒಯ್ಯಿರಿ. ಬರುವಾಗ ಇಡಿಯಾಗಿರುವ ಒಂದು ಕರಿ ಟಗರನ್ನು ಜೊತೆಗೆ ತನ್ನಿ. ಬರಿಗೈಯಲ್ಲಿ ಬಂದಿರೋ, ಇಕ್ಕಳ ಹಿಡಿಯಲು ಅಣ್ಣನ ಎಡಗೈ ಇನ್ನೂ ಗಟ್ಟಿಯಾಗಿದೆ.

ಇಂತಿ,
ನಿಮ್ಮಿಂದ ಬಲಗೊಂಡ ಫಲಾನುಭವಿ,
ಹಾಲಸಿದ್ದ, ಕಂಬಳಿ ನೇಕಾರ
ಏಕಸಂಬಿ, ಮೇ 1993